ವೋಲ್ಟ್ ಇಳಿಯಿತು, ಹಾಡೂ ಇಳಿಯಿತು

ಗೋಡೆಯ 230 ವೋಲ್ಟನ್ನು ಸುಮಾರು ಅರ್ಧಕ್ಕೆ ಇಳಿಸಿ ಕೊಡುವ ಈ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ನಮ್ಮ ಮನೆಗೆ ಬಂದಿದ್ದು ಒಂದು ಹೇರ್ ಡ್ರೈಯರ್ ಸತ್ತ ಮೇಲೆ. ಅಕ್ಕ ಅಮೆರಿಕದಿಂದ ತಂದ ಡ್ರೈಯರ್ ಅದು, 120 ವೋಲ್ಟಿನದು. ಪಿನ್ ಹೊಂದಿಸುವ ಅಡಾಪ್ಟರ್ ಹಾಕಿ ಸೀದಾ 230ಕ್ಕೆ ಚುಚ್ಚಿದವನು ನಾನೇ. ಕಿರ್ರನೆ ಕಿರುಚಿತು, ಒಳಗೆ ಕಾಯಿಲ್ ಕೆಂಪಗೆ ಕಾದಿದ್ದು ಕಂಡಿತು, ಕರಕಲು ವಾಸನೆ ಬಂತು, ಅಷ್ಟೇ. ವೋಲ್ಟೇಜ್ ಹೆಚ್ಚುಕಮ್ಮಿ ಎರಡರಷ್ಟಾದರೆ ಕಾಯಿಲ್ ಎಳೆಯುವ ಪವರ್ ಎರಡರಷ್ಟಲ್ಲ, ಮೂರೂವರೆ ಪಟ್ಟಿಗೂ ಜಾಸ್ತಿ. ಇದು ಗೊತ್ತಿದ್ದೂ ಚುಚ್ಚಿದೆ ಅನ್ನೋದು ಬೇರೆ ಮಾತು.

ಈ ಟ್ರಾನ್ಸ್‌ಫಾರ್ಮರನ್ನು ಆರು ತಿಂಗಳಿಂದ ಬಳಸುತ್ತಿದ್ದೇನೆ. ಇಟ್ಟಿಗೆಯಂಥ ಕಪ್ಪು ಡಬ್ಬಿ, ಐದು ಕೆಜಿ ಭಾರ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 1000 ವ್ಯಾಟ್ ಅಂತಿತ್ತು. ಡಬ್ಬಿ ಮಗುಚಿ ನೋಡಿದರೆ ತಳದ ಚೀಟಿಯಲ್ಲಿ ಸಣ್ಣಗೆ, ನಿರಂತರ ಬಳಕೆಗೆ 500. ಸಿಟ್ಟು ಬಂತು. ಆದರೆ 500ರದ್ದು ಅಂದುಕೊಂಡು ಬಳಸಿದರೆ ಒಳ್ಳೆ ಮಾಲು. ಗೋಡೆಯ ಸಾಕೆಟ್‌ನಲ್ಲಿ 234 ವೋಲ್ಟ್ ಇದ್ದಾಗ ಮಲ್ಟಿಮೀಟರ್ ಹಿಡಿದೆ, ಈ ಕಡೆ 119 ಬಂತು. 325 ವ್ಯಾಟಿನ ಮಿಕ್ಸರ್ ಓಡಿಸಿದಾಗ 114ಕ್ಕೆ ಇಳಿಯಿತು. ಅಷ್ಟು ಪರವಾಗಿಲ್ಲ. ಅರ್ಧ ಗಂಟೆ ಆದ ಮೇಲೂ ಮೇಲೆ ಕೈ ಇಡಬಹುದು, ಬೆಚ್ಚಗಿರುತ್ತದೆ ಅಷ್ಟೇ.

ಸದ್ದು ಮಾತ್ರ ಇದೆ. ಬೆಂಕಿಪೊಟ್ಟಣದಲ್ಲಿ ದುಂಬಿ ಹಾಕಿದ ಹಾಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಏನೂ ಚುಚ್ಚದೇ ಇದ್ದರೂ ಗುಂಯ್ ಅನ್ನುತ್ತದೆ, ಸುಮ್ನೆ ಕರೆಂಟ್ ತಿನ್ನುತ್ತದೆ. ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನೇ ಆರಿಸಿ. ಇನ್ನೊಂದು, ಇದು ಆಟೋ ಟ್ರಾನ್ಸ್‌ಫಾರ್ಮರ್. ಎರಡೂ ಕಡೆಗೆ ಒಂದೇ ಕಾಯಿಲ್, ಅಂದರೆ ಈ ಕಡೆಯ ತಂತಿಯೂ ಗೋಡೆಯ ಕರೆಂಟಿಗೆ ಸೀದಾ ಸೇರಿಕೊಂಡೇ ಇರುತ್ತದೆ. 120 ವೋಲ್ಟ್ ತಾನೇ ಅಂತ ಸಲುಗೆ ಬೇಡ, ಶಾಕ್ ವಿಷಯದಲ್ಲಿ ಗೋಡೆಯ ಸಾಕೆಟ್ಟಿಗೆ ಹೆದರುವಷ್ಟೇ ಇದಕ್ಕೂ ಹೆದರಬೇಕು.

ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗೆ ಅಂತ ಇದನ್ನು ಕೊಳ್ಳಬೇಡಿ. ಚಾರ್ಜರ್ ಮೇಲೆ 100-240 ಅಂತ ಇದ್ದರೆ ಪಿನ್ ಅಡಾಪ್ಟರ್ ಸಾಕು. ಅಂಗೈಯಗಲದ ಹಗುರ ಕನ್ವರ್ಟರ್‌ಗಳೂ ಸಿಗುತ್ತವೆ ಅಲ್ವಾ, ಅವುಗಳಲ್ಲಿ ಎಷ್ಟೋ ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುತ್ತವೆ. ಇಸ್ತ್ರಿಪೆಟ್ಟಿಗೆಯಂಥ ಬರೀ ಕಾಯಿಲ್ ಇರುವ ಸಾಮಾನಿಗೆ ನಡೆಯುತ್ತದೆ, ಎಲೆಕ್ಟ್ರಾನಿಕ್ಸ್‌ಗೆ ಬೇಡ.

ಈಗ ನನ್ನ ಮುಖ್ಯ ತಕರಾರು. ಜೊತೆಗೆ ಬಂದ ಹಾಳೆಯಲ್ಲಿ 'ಎಲ್ಲಾ ಅಮೆರಿಕನ್ ಉಪಕರಣಗಳೂ ನಡೆಯುತ್ತವೆ' ಅಂತ ಬರೆದಿದ್ದಾರೆ. ಮಿಕ್ಸರ್ ನಡೆಯಿತು, ಅದರದ್ದು ಕಾರ್ಬನ್ ಬ್ರಶ್ ಮೋಟರ್. ಅಕ್ಕನ ಹಳೆ ರೆಕಾರ್ಡ್ ಪ್ಲೇಯರ್ ಹಚ್ಚಿದೆ. ತಟ್ಟೆ ತಿರುಗಿತು, ಹಾಡೂ ಬಂತು, ಆದರೆ ಹಾಡುವ ಹೆಂಗಸಿಗೆ ಗಂಡಸಿನ ಗಂಟಲು! ರೆಕಾರ್ಡಿನ ಅಂಚಿಗೆ ಕಾಗದದ ಚೂರು ಅಂಟಿಸಿ, ಗಡಿಯಾರ ಹಿಡಿದು ಸುತ್ತು ಎಣಿಸಿದೆ. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಬರಬೇಕು, ಬಂದಿದ್ದು ಇಪ್ಪತ್ತೆಂಟು. ಅಮೆರಿಕದ ಕರೆಂಟ್ 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಅಲೆ, ಈ ಗೋಡೆಯದು 50. ಮಿಕ್ಸರಿನ ಬ್ರಶ್ ಮೋಟರಿಗೆ ಹರ್ಟ್ಜಿನ ಗೊಡವೆ ಇಲ್ಲ, ಈ ಪ್ಲೇಯರಿನ ಸಿಂಕ್ರೊನಸ್ ಮೋಟರ್ ತಿರುಗುವುದು ಹರ್ಟ್ಜ್ ನೋಡಿಕೊಂಡು. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಜ್ ಮುಟ್ಟುವುದಿಲ್ಲ. ಯಾವ ಟ್ರಾನ್ಸ್‌ಫಾರ್ಮರೂ ಮುಟ್ಟುವುದಿಲ್ಲ, ಅದು ಇದರ ತಪ್ಪಲ್ಲ. ಹಾಳೆಯಲ್ಲಿ ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು.

ಡಬ್ಬಿಗೆ ಐದಕ್ಕೆ ನಾಲ್ಕು, ಹಾಳೆಗೆ ಸೊನ್ನೆ. ಮೋಟರಿನ ಪುಲ್ಲಿ ತೆಗೆದು, ಅಡ್ಡಳತೆ 1.2 ಪಟ್ಟು ಇರುವುದನ್ನು ಹಾಕಿದರೆ ವೇಗ ಸರಿಹೋಗುತ್ತದೆ. ಲೇತ್ ಕೆಲಸದವರಿಗೆ ಅಳತೆ ಕೊಟ್ಟು ಬಂದಿದ್ದೇನೆ. ಅಲ್ಲಿವರೆಗೆ 33ರ ಗುಂಡಿ ಒತ್ತಿದರೆ ಇಪ್ಪತ್ತೆಂಟು, 45ರದ್ದು ಒತ್ತಿದರೆ ಮೂವತ್ತೇಳೂವರೆ. ಅಕ್ಕ ಮೂವತ್ತೇಳೂವರೆಯಲ್ಲೇ ಕೇಳುತ್ತಿದ್ದಾಳೆ.