ಮರ ಹತ್ತಿ ರೆಂಬೆ ತೆಗೆಯುವ ಕೆಲಸ ಮಾಡುವವರೇ, ಕೆಲಸ ಮುಗಿದ ಮೇಲೆ ಫೋಟೊ ತೆಗೆಯದೆ ಹೊರಡಬೇಡಿ

ಮರಗಳ ಆರೈಕೆಯ ಚಿಕ್ಕ ವ್ಯವಹಾರ ನಡೆಸುತ್ತಿರುವವರು, ಶುರು ಮಾಡಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆ ಮುಂದೆ, ಅಪಾರ್ಟ್‌ಮೆಂಟ್ ಕಾಂಪೌಂಡಿನಲ್ಲಿ ದೊಡ್ಡ ಮರ ಇರುವವರೂ ಓದಿ. ನಾವು ಮಾಡದ ಕೆಲಸಕ್ಕೆ ನಮ್ಮ ಮೇಲೆ ಪೊಲೀಸ್ ದೂರು ಬಂತು. ಮಾಡಿದ ಕೆಲಸದ ದುಡ್ಡು ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಇದು ಇನ್ನೊಬ್ಬರಿಗೆ ಆಗಬಾರದು.

ಬೆಂಗಳೂರಿನಲ್ಲಿ ಈ ಕಸುಬು ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ನಮ್ಮದು ಸಣ್ಣ ತಂಡ. ಮರ ಹತ್ತುವ ಹುಡುಗರು, ಕೆಳಗೆ ಹಗ್ಗ ಹಿಡಿಯುವವರು, ಒಂದು ಟಾಟಾ ಏಸ್, ಎರಡು ಚೈನ್ ಸಾ ಮಷಿನ್. ಫೆಬ್ರವರಿಯಿಂದ ಮೇ ತನಕ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಏಪ್ರಿಲ್‌ನಲ್ಲಿ ಗಾಳಿ ಮಳೆ ಶುರುವಾದರೆ ನಡುರಾತ್ರಿಯೂ ಫೋನ್ ಬರುತ್ತದೆ. ಜೂನ್ ಕಳೆದ ಮೇಲೆ ಕಾಂಡ ಒದ್ದೆಯಾಗಿ ಪಾಚಿ ಕಟ್ಟುತ್ತದೆ, ಕಾಲು ಜಾರುತ್ತದೆ. ಹುಡುಗರನ್ನು ಹತ್ತಿಸಲು ನನಗೆ ಮನಸ್ಸು ಬರುವುದಿಲ್ಲ. ಆ ತಿಂಗಳುಗಳಲ್ಲಿ ಸಂಪಾದನೆ ಕಡಿಮೆ, ಆದರೆ ಗಾಡಿ ಕಂತು, ಹುಡುಗರ ಸಂಬಳ, ಇನ್ಶೂರೆನ್ಸ್ ಯಾವುದೂ ನಿಲ್ಲುವುದಿಲ್ಲ. ಬೇಸಿಗೆಯ ದುಡಿಮೆಯಲ್ಲೇ ಮಳೆಗಾಲ ಕಳೆಯಬೇಕು. ಹಾಗಾಗಿ ಬೇಸಿಗೆಯ ಒಂದು ದೊಡ್ಡ ಬಿಲ್ ನಿಂತರೆ ಇಡೀ ವರ್ಷದ ಲೆಕ್ಕ ತಪ್ಪುತ್ತದೆ.

ಆದರೂ ಈ ಕೆಲಸ ನನಗೆ ತುಂಬಾ ಇಷ್ಟ. ಎಲ್ಲರೂ ಕಡಿಸಿಬಿಡಿ ಅಂದಿದ್ದ ಹಲಸಿನ ಮರದ ಒಣ ರೆಂಬೆ ತೆಗೆದು, ಬುಡದ ಸುತ್ತ ಹಾಕಿದ್ದ ಸಿಮೆಂಟು ಒಡೆಸಿದ್ದೆವು. ಮುಂದಿನ ವರ್ಷ ಆ ಮನೆಯ ಅಜ್ಜಿ ಫೋನ್ ಮಾಡಿ ಹಣ್ಣು ಒಯ್ಯಲು ಕರೆದರು. ಅಂಥ ಗಿರಾಕಿಗಳು ಇದ್ದಾರೆ ಅಂತಲೇ ನಾವೂ ಇದ್ದೇವೆ.

ಈಗ ನಡೆದದ್ದು. ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆಯ ಒಂದು ಅಪಾರ್ಟ್‌ಮೆಂಟ್. ಹೆಸರು ಬೇಡ. ಪಾರ್ಕಿಂಗ್ ಪಕ್ಕದಲ್ಲಿ ದೊಡ್ಡ ಗುಲ್‌ಮೊಹರ್ ಮರ. ಗುಲ್‌ಮೊಹರ್ ಎಷ್ಟು ಚೆಂದವೋ ಅದರ ಮರ ಅಷ್ಟೇ ಪೆಡಸು. ಗಾಳಿಗೆ ಬಾಗುವುದಕ್ಕಿಂತ ಮುರಿಯುವುದೇ ಜಾಸ್ತಿ. ಅಸೋಸಿಯೇಷನ್‌ನವರು ಮಳೆಗೆ ಮುಂಚೆ ಭಾರ ಇಳಿಸಿಕೊಡಿ ಅಂದರು. ಅದು ಸರಿಯಾದ ಬೇಡಿಕೆಯೇ.

ನಾನು ಮೊದಲು ಕೇಳಿದ್ದು ಅನುಮತಿ ಪತ್ರ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗದ ಮರಕ್ಕೂ ಅನ್ವಯಿಸುತ್ತದೆ. ಬುಡ ಕತ್ತರಿಸುವುದಕ್ಕೆ ಮಾತ್ರ ಅನುಮತಿ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ರೆಂಬೆ ಬೋಳಿಸುವುದೂ, ಮರಕ್ಕೆ ಬೇರೆ ರೀತಿ ಹಾನಿ ಮಾಡುವುದೂ ಅದರಲ್ಲೇ ಬರುತ್ತದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್ ಥರದ ಕೆಲವು ಮರಗಳಿಗೆ ವಿನಾಯಿತಿ ಇದೆ, ಗುಲ್‌ಮೊಹರ್ ಹತ್ತಿರ ಸುಮ್ನೆ ಮಷಿನ್ ತೆಗೆದುಕೊಂಡು ಹೋಗಬಾರದು. ಪಾಲಿಕೆಯ ಅರಣ್ಯ ವಿಭಾಗಕ್ಕೆ ಅವರಿಂದಲೇ, ಅವರ ಹೆಸರಿನಲ್ಲೇ ಅರ್ಜಿ ಹಾಕಿಸಿದೆ. ಅಧಿಕಾರಿ ಬಂದು ನೋಡಿ, ಯಾವ ರೆಂಬೆ ತೆಗೆಯಬಹುದು ಅಂತ ಬರೆದುಕೊಟ್ಟರು. ಮೂಲ ಪತ್ರ ನೋಡಿ, ನಕಲು ನಮ್ಮ ಕಡತದಲ್ಲಿ ಇಟ್ಟುಕೊಂಡೆ.

ಕೆಲಸ ಅಚ್ಚುಕಟ್ಟಾಗಿಯೇ ಆಯಿತು. ಒಣಗಿದ್ದನ್ನು, ಒಂದಕ್ಕೊಂದು ಉಜ್ಜುತ್ತಿದ್ದವನ್ನು, ಪಾರ್ಕಿಂಗ್ ಮೇಲೆ ತೀರಾ ಚಾಚಿಕೊಂಡಿದ್ದವನ್ನು ತೆಗೆದೆವು. ದಪ್ಪ ರೆಂಬೆಗೆ ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕುತ್ತೇವೆ, ಸ್ವಲ್ಪ ಆಚೆ ಮೇಲಿನಿಂದ ಕೊಯ್ಯುತ್ತೇವೆ. ಉಳಿದ ಮೋಟನ್ನು ಆಮೇಲೆ ರೆಂಬೆ ಬುಡದ ಉಬ್ಬಿನ ಹೊರಗೆ ನೀಟಾಗಿ ತೆಗೆಯುತ್ತೇವೆ. ಆ ಉಬ್ಬಿನಿಂದಲೇ ಮರ ತನ್ನ ಗಾಯವನ್ನು ಮುಚ್ಚಿಕೊಳ್ಳುವುದು. ಅದರ ಮೇಲೆ ಟಾರು, ಪೇಂಟ್ ಏನೂ ಬೇಡ. ಒಟ್ಟು ಹಸಿರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು, ನಾವು ಅದಕ್ಕಿಂತ ತುಂಬಾ ಕಡಿಮೆ ತೆಗೆದಿದ್ದೆವು.

ಅಧ್ಯಕ್ಷರು ಸಂಜೆ ಬಂದು ಮೇಲೆ ನೋಡಿದರು. "ಏನ್ರೀ, ಇಷ್ಟೇನಾ? ಮರ ಹಂಗೇ ಇದೆಯಲ್ರೀ!" ಅಂದರು.

ಚೆನ್ನಾಗಿ ಮಾಡಿದ ಕೆಲಸ ಹಾಗೇ ಕಾಣಬೇಕು ಸಾರ್ ಅಂತ ವಿವರಿಸಿದೆ. ಪೂರ್ತಿ ಬೋಳಿಸಿದರೆ ತೊಗಟೆ ಕೆಳಗಿನ ಮೊಗ್ಗುಗಳು ಒಟ್ಟಿಗೆ ಚಿಗುರುತ್ತವೆ. ಆ ಚಿಗುರಿಗೆ ಒಳಗಿನ ಮರದ ಜೊತೆ ಗಟ್ಟಿ ಹಿಡಿತ ಇರುವುದಿಲ್ಲ. ಎರಡು ಮೂರು ವರ್ಷದಲ್ಲಿ ಅವೇ ದಪ್ಪ ಆಗಿ, ಗಾಳಿಗೆ ಕಿತ್ತು ಬೀಳುತ್ತವೆ. ಕೊಯ್ದ ಮೋಟುಗಳು ಕೊಳೆಯುತ್ತವೆ. ಭಯಕ್ಕೆ ಬೋಳಿಸಿದ ಮರವೇ ಆಮೇಲೆ ನಿಜವಾಗಿ ಭಯ ಹುಟ್ಟಿಸುವುದು. ಅವರು ಕೇಳಿಸಿಕೊಂಡರು, ತಲೆ ಆಡಿಸಿದರು. ಬಾಕಿ ದುಡ್ಡು ಕಮಿಟಿ ಮೀಟಿಂಗ್ ಆದ ಮೇಲೆ ಅಂದರು. ಮುಂಗಡ ಮೂವತ್ತು ಪರ್ಸೆಂಟ್ ಬಂದಿತ್ತು, ಉಳಿದದ್ದು ಹಾಗೇ ನಿಂತಿತು.

ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಜೋರು ಗಾಳಿ, ಆಲಿಕಲ್ಲು ಮಳೆ. ಮಾರನೇ ದಿನ ಬೆಳಿಗ್ಗೆ ಅಧ್ಯಕ್ಷರ ಫೋನ್. ನೀವು ಕೊಯ್ದ ಮರದ ಕೊಂಬೆ ಒಬ್ಬರ ಕಾರಿನ ಮೇಲೆ ಬಿದ್ದಿದೆ, ರಿಪೇರಿ ದುಡ್ಡು ನೀವೇ ಕೊಡಬೇಕು, ಬಾಕಿಯಂತೂ ಮರೆತುಬಿಡಿ. ಅದೇ ಮಾತನ್ನು ಅಪಾರ್ಟ್‌ಮೆಂಟ್‌ನ ವಾಟ್ಸಾಪ್ ಗುಂಪಿನಲ್ಲೂ ಹಾಕಿದ್ದರು, ನಮ್ಮ ಬಿಲ್ಲಿನ ಫೋಟೊ ಸಮೇತ.

ಹುಡುಗರನ್ನು ಕರೆದುಕೊಂಡು ತಕ್ಷಣ ಹೋದೆ. ಮರ ನೋಡಿದರೆ ಎದೆ ಧಸಕ್ ಅಂದಿತು. ನಾವು ಬಿಟ್ಟು ಬಂದ ಮರವೇ ಅಲ್ಲ ಅದು. ರಸ್ತೆ ಕಡೆಯ ದಪ್ಪ ಕೊಂಬೆಗಳೆಲ್ಲ ಮಾಯ, ಹಸಿರೆಲ್ಲ ಪಾರ್ಕಿಂಗ್ ಕಡೆಗೇ ವಾಲಿತ್ತು. ಅಲ್ಲಲ್ಲಿ ಮಚ್ಚಿನ ಏಟಿನ ಗುರುತು. ನಮ್ಮ ಹಿರಿಯ ಹುಡುಗ ಬಿದ್ದ ಕೊಂಬೆಯ ತುದಿ ಮುಟ್ಟಿ ನೋಡಿ, "ಅಣ್ಣಾ, ಇದು ಹಳೇ ಸೀಳು" ಅಂದ.

ಮುರಿದ ಜಾಗವನ್ನು ಹತ್ತಿರದಿಂದ ನೋಡಿದರೆ ಎಲ್ಲ ಅಲ್ಲೇ ಬರೆದಿತ್ತು. ಅರ್ಧ ಭಾಗ ಬೆಳ್ಳಗೆ, ಹಸಿಯಾಗಿ, ಆಗಷ್ಟೇ ಮುರಿದದ್ದು. ಉಳಿದರ್ಧ ಕಂದು ಬಣ್ಣಕ್ಕೆ ತಿರುಗಿ ಒಣಗಿತ್ತು, ಸೀಳಿನೊಳಗೆ ಇರುವೆ ಗೂಡು ಕಟ್ಟಿಕೊಂಡಿದ್ದವು. ಯಾರೋ ಕೆಳಗಿನ ಕಚ್ಚು ಹಾಕದೆ ಪಕ್ಕದ ದಪ್ಪ ಕೊಂಬೆಯನ್ನು ಮೇಲಿನಿಂದಲೇ ಕಡಿದಿದ್ದಾರೆ. ಅದು ತನ್ನ ಭಾರಕ್ಕೆ ಸಿಗಿದುಕೊಂಡು ಬೀಳುವಾಗ ಕವಲಿನ ತನಕ ತೊಗಟೆ, ಮರ ಎಲ್ಲ ಕಿತ್ತುಕೊಂಡು ಹೋಗಿದೆ. ಅದೇ ಕವಲಿನ ಇನ್ನೊಂದು ಕೊಂಬೆ ಅರ್ಧ ಹಿಡಿತದಲ್ಲಿ ನಿಂತಿತ್ತು. ಗಾಳಿ ಬಂತು, ಬಿತ್ತು.

ವಾಚ್‌ಮನ್ ಹತ್ತಿರ ವಿಚಾರಿಸಿದೆ. ಪಾಪ, ಹೆದರುತ್ತಲೇ ಹೇಳಿದರು. "ಮಾರ್ಚ್‌ನಲ್ಲಿ ನೀವು ಮುಗಿಸಿ ಹೋದ್ಮೇಲೆ ಬೇರೆಯವರು ಬಂದಿದ್ರು ಸಾರ್. ಸೌದೆ ಎಲ್ಲ ಅವರೇ ತಗೊಂಡ್ ಹೋದ್ರು."

ಮನೆಯವರು, ಅಸೋಸಿಯೇಷನ್‌ನವರು ಇದನ್ನು ಅರ್ಥ ಮಾಡಿಕೊಳ್ಳಬೇಕು. ಸೌದೆ ನಮಗೆ ಬಿಡಿ, ಕೂಲಿ ಕಡಿಮೆ ಮಾಡುತ್ತೇವೆ ಅನ್ನುವವರಿಗೆ ಸಂಪಾದನೆ ಬರುವುದೇ ಸೌದೆಯಿಂದ. ಒಣಗಿದ ಸಣ್ಣ ರೆಂಬೆಗೆ ಬೆಲೆ ಇಲ್ಲ, ದಪ್ಪ ಕೊಂಬೆಗೆ ಇದೆ. ಹಾಗಾಗಿ ಅವರು ಕಡಿಯುವುದು ಮರಕ್ಕೆ ಬೇಕಾದ ಕೊಂಬೆಯನ್ನೇ. ನಾನು ಆ ಕೂಲಿಯವರನ್ನು ಬಯ್ಯುವುದಿಲ್ಲ. ಬೆಲ್ಟ್ ಇಲ್ಲ, ಹೆಲ್ಮೆಟ್ ಇಲ್ಲ, ಬಿದ್ದರೆ ಕೇಳುವವರಿಲ್ಲ. ಪಕ್ಕದಲ್ಲಿ 11 ಕೆವಿ ಲೈನ್ ಇದ್ದರೂ ಕರೆಂಟ್ ತೆಗೆಸದೆ ಹತ್ತುತ್ತಾರೆ. ಅವರನ್ನು ಹಾಗೆ ಹತ್ತಿಸುವವರ ಮೇಲೆ ನನಗೆ ಸಿಟ್ಟು. ಲೈನ್ ಹತ್ತಿರದ ಕೆಲಸ ಅಂದರೆ ಮೊದಲು ಬೆಸ್ಕಾಂನವರಿಗೆ ಹೇಳಿ ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದಿದ್ದೇವೆ ಅನ್ನುವ ಒಪ್ಪಿಗೆ, ಪಡೆಯಬೇಕು. 1912ಕ್ಕೆ ಫೋನ್ ಮಾಡಿದರೂ ದೂರು ಬರೆದುಕೊಳ್ಳುತ್ತಾರೆ.

ಅಧ್ಯಕ್ಷರು ಯಾಕೆ ನಮ್ಮ ಮೇಲೆ ಹಾಕಿದರು ಅಂತ ಆಮೇಲೆ ಗೊತ್ತಾಯಿತು. ಮಾರ್ಚ್‌ನ ಕೆಲಸಕ್ಕೆ ಅನುಮತಿಯೇ ಇರಲಿಲ್ಲ. ನಮ್ಮ ಪತ್ರದಲ್ಲಿದ್ದದ್ದು ನಾವು ತೆಗೆದ ರೆಂಬೆಗಳು ಮಾತ್ರ. ಎರಡನೇ ಸಲ ಕಡಿಸಿದ್ದನ್ನು ಒಪ್ಪಿಕೊಂಡರೆ ಅರಣ್ಯ ವಿಭಾಗಕ್ಕೆ ಅವರೇ ಉತ್ತರ ಕೊಡಬೇಕು. ಕೈಯಲ್ಲಿ ಬಿಲ್ ಇದ್ದದ್ದು ನಮ್ಮದೊಂದೇ. ಹಾಗಾಗಿ ನಾವು ಸಿಕ್ಕಿದೆವು.

ಕಾರಿನವರು ಠಾಣೆಗೆ ದೂರು ಕೊಟ್ಟರು, ನನ್ನನ್ನು ಕರೆಸಿದರು. ಅಲ್ಲಿ ನಮ್ಮನ್ನು ಉಳಿಸಿದ್ದು ಫೋಟೊಗಳು. ಕೆಲಸಕ್ಕೆ ಮುಂಚೆ, ಮುಗಿದ ಮೇಲೆ, ನಾಲ್ಕೂ ದಿಕ್ಕಿನಿಂದ, ತಾರೀಖು ಸಮೇತ ತೆಗೆಯುವುದು ನಮ್ಮ ಪದ್ಧತಿ. ಪ್ರತಿ ದೊಡ್ಡ ಕೊಯ್ತದ್ದೂ ಹತ್ತಿರದ ಫೋಟೊ ಇತ್ತು. ಅದರ ಪಕ್ಕ ಈಗಿನ ಮರದ ಫೋಟೊ ಇಟ್ಟಾಗ ಇನ್ಸ್‌ಪೆಕ್ಟರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ದೂರು ಅಲ್ಲಿಗೇ ನಿಂತಿತು. ಕಾರಿನವರ ಪಾಲಿಸಿಯಲ್ಲಿ ಸ್ವಂತ ಗಾಡಿಯ ಹಾನಿಗೂ ರಕ್ಷಣೆ ಇತ್ತು, ರಿಪೇರಿ ದುಡ್ಡು ಅಲ್ಲಿಂದ ಬಂತು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದಿದ್ದರೆ ಮರ ಬಿದ್ದದ್ದಕ್ಕೆ ಒಂದು ರೂಪಾಯಿ ಸಿಗುತ್ತಿರಲಿಲ್ಲ. ಮರದ ಕೆಳಗೆ ಗಾಡಿ ನಿಲ್ಲಿಸುವವರು ಇವತ್ತೇ ತಮ್ಮ ಪಾಲಿಸಿ ತೆಗೆದು ನೋಡಿ.

ಠಾಣೆಯಲ್ಲಿ ಬಚಾವಾದರೂ ಹೆಸರಿಗೆ ಬಿದ್ದ ಪೆಟ್ಟು ಬೇಗ ಮಾಯಲಿಲ್ಲ. ವಾಟ್ಸಾಪ್ ಗುಂಪಿನ ಆ ಮಾತು ಅಕ್ಕಪಕ್ಕದ ಅಪಾರ್ಟ್‌ಮೆಂಟ್‌ಗಳಿಗೂ ಹೋಗಿತ್ತು. ಮೇ ತಿಂಗಳಲ್ಲಿ ಒಪ್ಪಿಕೊಂಡಿದ್ದ ಕೆಲಸಗಳು ಒಂದೊಂದೇ ಬೇಡ ಅಂತ ಆದವು. ಫೋಟೊ ತೋರಿಸಿ ವಿವರಿಸಿದ ಕಡೆ ಕೆಲವರು ವಾಪಸ್ ಬಂದರು, ಕೆಲವರು ಬರಲಿಲ್ಲ. ಒಬ್ಬ ಹುಡುಗ ಕೆಲಸ ಸಾಲದೆ ಊರಿಗೆ ಹೋದ. ಒಳ್ಳೆಯ ಹತ್ತುವವನು, ಮಷಿನ್ ಹಿಡಿದರೆ ಕೈ ಅಲುಗಾಡುತ್ತಿರಲಿಲ್ಲ. ಅವನನ್ನು ಉಳಿಸಿಕೊಳ್ಳಲು ಆಗಲಿಲ್ಲ ಅನ್ನುವುದು ದುಡ್ಡಿಗಿಂತ ದೊಡ್ಡ ನೋವು.

ಈ ಕಸುಬಿನವರಿಗೆ ಹೇಳುವುದು ಇಷ್ಟು. ಬಾಯಿ ಮಾತಿನ ಮೇಲೆ ಮರ ಹತ್ತಬೇಡಿ. ಯಾವ ರೆಂಬೆ, ಎಷ್ಟು, ದುಡ್ಡು ಯಾವಾಗ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿ. ಮುಗಿದ ದಿನವೇ ಕೆಲಸ ಒಪ್ಪಿದ್ದೇವೆ ಅಂತ ಇನ್ನೊಂದು ಸಹಿ. ಅದರಲ್ಲೇ, ಇದಾದ ಮೇಲೆ ಬೇರೆಯವರು ಮರ ಮುಟ್ಟಿದರೆ ನಮ್ಮ ಜವಾಬ್ದಾರಿ ಇಲ್ಲ ಅನ್ನುವ ಸಾಲು ಇರಲಿ. ನಾವು ಈಗ ಆ ಸಾಲು ಸೇರಿಸಿದ್ದೇವೆ. ಮುಂಗಡ ಅರ್ಧಕ್ಕಿಂತ ಕಡಿಮೆ ಬೇಡ. ಅನುಮತಿ ಪತ್ರದ ಫೋಟೊ ಫೋನಿನಲ್ಲಿ ಕಳಿಸಿದರೆ ಸಾಲದು, ಮೂಲ ಪತ್ರ ನೋಡಿ, ಅದರಲ್ಲಿರುವ ಮರ ಇದೇನಾ ಅಂತ ಸ್ಥಳದಲ್ಲಿ ತಾಳೆ ಹಾಕಿ. ತೇಗ, ಬೀಟೆ ಥರದ ದಿಮ್ಮಿ ಇದ್ದರೆ ಅರಣ್ಯ ಇಲಾಖೆಯ ರಹದಾರಿ ಇಲ್ಲದೆ ಗಾಡಿಗೆ ಹಾಕಬೇಡಿ, ಗಾಡಿಯೇ ಹೋಗುತ್ತದೆ. ಹುಡುಗರ ಹೆಸರಿನಲ್ಲಿ ಕಾರ್ಮಿಕರ ಪರಿಹಾರದ ಪಾಲಿಸಿ ಮಾಡಿಸಿ. ಕಾನೂನು ಪ್ರಕಾರ ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡಬೇಕಾದವರು ನಾವು. ಪಾಲಿಸಿ ಇಲ್ಲದಿದ್ದರೆ ಎರಡು ಮನೆ ಬೀದಿಗೆ ಬರುತ್ತವೆ, ಅವನದೂ ನಿಮ್ಮದೂ.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸುವುದು, ಇಲ್ಲದಿದ್ದರೆ ಈ ವಾರವೇ ಮಾಡಿಸಿ. ಅದಕ್ಕೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದ ಬಾಕಿಯನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ನೋಂದಣಿ ಕೆಲಸಕ್ಕೆ ಮುಂಚೆಯೇ ಇದ್ದರೆ ಆಮೇಲೆ ತಕರಾರು ಇರುವುದಿಲ್ಲ. ನಮ್ಮದು ಇತ್ತು. ಸಣ್ಣ ಉದ್ಯಮದವರು ಬಾಕಿ ವಸೂಲಿಗೆ ದೂರು ಕೊಡುವ ಸರ್ಕಾರದ ಸಮಾಧಾನ್ ಪೋರ್ಟಲ್‌ನಲ್ಲಿ ಕರಾರು, ಬಿಲ್, ಫೋಟೊ ಎಲ್ಲ ಸೇರಿಸಿ ಅರ್ಜಿ ಹಾಕಿದೆ. ಅಸೋಸಿಯೇಷನ್‌ನ ಹೊಸ ಕಮಿಟಿ ಅರ್ಧ ಬಾಕಿ ಕೊಟ್ಟಿದೆ. ಉಳಿದದ್ದಕ್ಕೆ ಅರ್ಜಿ ಇನ್ನೂ ನಡೆಯುತ್ತಿದೆ, ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ.

ನಮ್ಮ ಕರಾರಿನ ನಮೂನೆ, ಕೆಲಸ ಒಪ್ಪಿದ ಪತ್ರದ ನಮೂನೆ ಎರಡೂ ಕನ್ನಡದಲ್ಲೇ ಇವೆ. ಬೇಕಾದವರು ಕೇಳಿ, ಕಳಿಸಿಕೊಡುತ್ತೇನೆ.