ಚಿಗಟದ ಬಾಚಣಿಗೆ: ಮೈಗೆ ಸರಿ, ಕಿವಿಗೆ ಸಾಲದು

ನಾವಿರುವುದು ಇಂಗ್ಲೆಂಡಿನ ಬ್ರೆಕ್‌ಲ್ಯಾಂಡಿನಲ್ಲಿ. ಮರಳುನೆಲದ ಸೀಮೆ, ಬೇಲಿಯಾಚೆಗೆಲ್ಲ ಕಾಡುಮೊಲಗಳ ಬಿಲ. ನಮ್ಮ ಬೆಕ್ಕು ಅಲ್ಲಿಗೆ ಬೇಟೆಗೆ ಹೋಗುತ್ತದೆ, ಚಿಗಟ ಹೊತ್ತು ಬರುತ್ತದೆ. ಮನೆಯಲ್ಲಿ ಸಾಕುಮೊಲವೂ ಇರುವುದರಿಂದ ನಾಲ್ಕು ಪೌಂಡ್ ಕೊಟ್ಟು ಈ ಉಕ್ಕಿನ ಬಾಚಣಿಗೆ ತಂದೆ.

ಹಲ್ಲುಗಳು ಅಜ್ಜಿಯ ಸೀರಣಿಗೆಯಷ್ಟೇ ಒತ್ತು. ಬೆನ್ನ ಮೇಲೆ, ಬಾಲದ ಬುಡದಲ್ಲಿ ಕೆಲಸ ಚೊಕ್ಕ. ಬಾಚಿದಾಗ ಸಿಕ್ಕ ಕರಿಪುಡಿಯನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿ ನೋಡಿ, ಸುತ್ತ ಕೆಂಗಂದು ಬಣ್ಣ ಹರಡುತ್ತದೆ. ಅದು ಚಿಗಟದ ಹಿಕ್ಕೆ, ಅಂದರೆ ಅದು ಕುಡಿದ ರಕ್ತ. ಹಿಡಿ ಮಾತ್ರ ಕಳಪೆ. ಸೋಪುನೀರಿನಲ್ಲಿ ಅದ್ದಿದರೆ ಕೈಯಿಂದ ಜಾರುತ್ತದೆ.

"ಎಲ್ಲ ಬಗೆಯ ಚಿಗಟಕ್ಕೂ" ಎಂದು ಪೊಟ್ಟಣದ ಮೇಲೆ ಬರೆದವರು ಮೊಲದ ಚಿಗಟವನ್ನು ಕಂಡಂತಿಲ್ಲ. ಸ್ಪಿಲಾಪ್ಸಿಲಸ್ ಕ್ಯುನಿಕ್ಯುಲೈ ಎಂಬ ಈ ಜಾತಿ ಬೆಕ್ಕಿನ ಮೈಮೇಲೆ ಓಡಾಡುವುದೇ ಕಡಿಮೆ. ಕಿವಿಯ ಅಂಚಿನಲ್ಲಿ ಸಾಲಾಗಿ ಕುಳಿತು ಬಾಯಿಯನ್ನು ಚರ್ಮಕ್ಕೆ ನೆಟ್ಟುಬಿಡುತ್ತದೆ. ಅಲ್ಲಿ ಕೂದಲೂ ತೆಳು, ಬಾಚಣಿಗೆಗೆ ಹಿಡಿತವಿಲ್ಲ. ಸಣ್ಣ ಚಿಮಟವೇ ಗತಿ, ಜೊತೆಗೆ ಬೆಕ್ಕನ್ನು ಅದುಮಿ ಹಿಡಿಯಲು ಇನ್ನೊಬ್ಬರು.

ಒಂದು ಸಮಾಧಾನವುಂಟು: ಇದು ಬೆಕ್ಕಿನ ಮೇಲೆ ಸಂತಾನ ಬೆಳೆಸುವುದಿಲ್ಲ. ಬಸುರಿ ಮೊಲದ ರಕ್ತದಲ್ಲಿನ ಹಾರ್ಮೋನು ಸಿಕ್ಕರೆ ಮಾತ್ರ ಹೆಣ್ಣು ಚಿಗಟದ ಮೊಟ್ಟೆ ಬಲಿಯುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಕೀಟತಜ್ಞೆ ಮಿರಿಯಮ್ ರಾಥ್‌ಚೈಲ್ಡ್ ಇದನ್ನು ತೋರಿಸಿಕೊಟ್ಟರು. ಹಾಗಾಗಿ ಇಲ್ಲಿ ಈ ಚಿಗಟಕ್ಕೆಂದು ಮನೆಯೆಲ್ಲ ಔಷಧ ಸಿಂಪಡಿಸಿ ದುಡ್ಡು ಸುರಿಯಬೇಡಿ. ಬೆಂಗಳೂರಿನ ನನ್ನ ತಂಗಿಗೆ ಈ ಮಾತು ಹೊಂದದು. ಅಲ್ಲಿ ಕಾಡುವುದು ಬೆಕ್ಕಿನ ಚಿಗಟ. ಅದರ ಮೊಟ್ಟೆ ಹಾಸಿಗೆ, ಚಾಪೆಗೆಲ್ಲ ಉದುರುತ್ತದೆ. ಅಮೆರಿಕದ ಕಾಟನ್‌ಟೇಲ್ ಮೊಲಗಳ ಮೇಲಿರುವುದು ಸೀಡಿಯಾಪ್ಸಿಲ್ಲ ಎಂಬ ಬೇರೆಯೇ ಕುಲ. ಆಸ್ಟ್ರೇಲಿಯಾದವರಂತೂ ಮಿತಿಮೀರಿದ ಮೊಲಗಳನ್ನು ತಗ್ಗಿಸಲು, ಅವನ್ನು ಕೊಲ್ಲುವ ಮಿಕ್ಸೊಮಟೋಸಿಸ್ ರೋಗ ಹಬ್ಬಿಸಲೆಂದೇ 1960ರ ದಶಕದಲ್ಲಿ ಯುರೋಪಿನ ಈ ಮೊಲದ ಚಿಗಟವನ್ನು ತರಿಸಿಕೊಂಡರು! ಒಣ ಒಳನಾಡಿನಲ್ಲಿ ಅದು ನೆಲೆ ನಿಲ್ಲದಾಗ 1993ರಲ್ಲಿ ಸ್ಪೇನಿನ ಮತ್ತೊಂದು ಜಾತಿಯನ್ನು ಬಿಟ್ಟರು.

ಅದೇ ರೋಗ 1953ರಲ್ಲಿ ಬ್ರಿಟನ್ನಿಗೂ ಕಾಲಿಟ್ಟಿತು, ಇಲ್ಲಿ ಅದನ್ನು ಹರಡುವುದು ಮುಖ್ಯವಾಗಿ ಇದೇ ಚಿಗಟ. ಬಾಚಣಿಗೆಯನ್ನು ನಂಬಿ ಸಾಕುಮೊಲದ ಲಸಿಕೆ ತಪ್ಪಿಸಬೇಡಿ. ಚಿಗಟ ಕೊಲ್ಲಲು ಬೆಕ್ಕಿಗೆ ಹಾಕುವ ಫಿಪ್ರೊನಿಲ್ ಹನಿಯನ್ನು ಮೊಲಕ್ಕೆ ಹಾಕಲೇಬಾರದು, ಪ್ರಾಣಕ್ಕೇ ಕುತ್ತು. ಈ ಎಚ್ಚರಿಕೆಯೂ ಬಾಚಣಿಗೆಯ ಪೊಟ್ಟಣದ ಮೇಲಿಲ್ಲ.

ಐದರಲ್ಲಿ ಮೂರು ನಕ್ಷತ್ರ. ಹಿಡಿಗೆ ರಬ್ಬರ್ ಸುತ್ತಿದ್ದರೆ ನಾಲ್ಕು ಕೊಡುತ್ತಿದ್ದೆ.