ಫಾರ್ಮ್ಯಾಟ್ ಮಾಡ್ಲಿಕ್ಕೆ ಅರ್ಜೆಂಟ್ ಇಲ್ಲದ ಒಂದು ಕಂಪ್ಯೂಟರ್ ಅಂಗಡಿ, ಕುಂಜಿಬೆಟ್ಟು

ಆನ್ ಆಗದೆ ನಿಂತ ನನ್ನ ಕಂಪ್ಯೂಟರಿನ ರಿಪೇರಿಗೆ ಬಿಲ್ಲು ಆದದ್ದು ಒಟ್ಟು 340 ರೂಪಾಯಿ. 40 ಸೆಲ್ಲಿಗೆ, 300 ಅವ್ರ ಕೆಲಸಕ್ಕೆ. ಇದನ್ನು ಮೊದ್ಲೇ ಯಾಕೆ ಹೇಳುದು ಅಂದ್ರೆ ಎರಡು ದಿನ ಮುಂಚೆ ಇನ್ನೊಂದು ಕಡೆ ಇದೇ ಕಂಪ್ಯೂಟರಿಗೆ 5,800 ಹೇಳಿದ್ರು, ಅದೂ ಒಳಗಿದ್ದ ಫೈಲ್ ಸಿಗ್ತದೆ ಅಂತ ಗ್ಯಾರಂಟಿ ಇಲ್ಲದೆ.

ನಂದು ಡಿಟಿಪಿ ಕೆಲಸ, ಅಂದ್ರೆ ಪ್ರಿಂಟಿಗೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಿ ಕೊಡುದು, ಕಟಪಾಡಿ ಹತ್ರ ಮನೆಯಲ್ಲೇ. ಮದುವೆ ಕಾಗದ, ನೇಮದ (ಭೂತದ ಕೋಲದ) ಆಮಂತ್ರಣ, ದೇವಸ್ಥಾನದ ಬ್ರಹ್ಮಕಲಶ, ಯಕ್ಷಗಾನದ ಹ್ಯಾಂಡ್‌ಬಿಲ್, ಹೀಗೆ. ಏಪ್ರಿಲ್ ಮೇ ಅಂದ್ರೆ ನಮ್ಗೆ ಊಟಕ್ಕೂ ಪುರ್ಸೊತ್ತಿಲ್ಲ, ಮೇ ಕೊನೆಗೆ ಬರುವ ಪತ್ತನಾಜೆಯ ದಿನಕ್ಕೆ ನೇಮ, ಯಕ್ಷಗಾನ ಎಲ್ಲ ನಿಲ್ತದೆ, ಅದರ ಒಳಗೆ ಎಲ್ಲರಿಗೂ ಎಲ್ಲ ಕಾರ್ಯಕ್ರಮ ಮುಗಿಸ್ಬೇಕು. ಈಗ್ಲೂ ನಾನು ಪೇಜ್‌ಮೇಕರ್ 7ರಲ್ಲೇ ಮಾಡುದು, 2001ರಲ್ಲಿ ಬಂದ ಸಾಫ್ಟ್‌ವೇರ್, ಮಾಡಿದ ಕಂಪೆನಿಯವ್ರು ಬಿಟ್ಟು ಎಷ್ಟೋ ಕಾಲ ಆಯ್ತು, ನಮ್ಮ ಪ್ರೆಸ್ಸಿನವ್ರು ಮಾತ್ರ ಬಿಟ್ಟಿಲ್ಲ. ಅದಕ್ಕೆ ನುಡಿ ಫಾಂಟು, ಯೂನಿಕೋಡ್ ಬರುವ ಮುಂಚಿನ ಇನ್ನೂ ಹತ್ತಾರು ಫಾಂಟು, ಒಂದೊಂದನ್ನೂ ಒಬ್ಬೊಬ್ಬರ ಹತ್ರ ಕೇಳಿ ಪೆನ್‌ಡ್ರೈವಿನಲ್ಲಿ ತಂದು ಹಾಕಿದ್ದು. ಹಾಗಾಗಿ ಫಾರ್ಮ್ಯಾಟ್, ಅಂದ್ರೆ ಡಿಸ್ಕಿನಲ್ಲಿದ್ದದ್ದು ಎಲ್ಲ ಅಳಿಸುದು, ಅಂತ ಯಾರಾದ್ರೂ ಹೇಳಿದ್ರೆ ನಂಗೆ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗ್ತದೆ. ಬ್ಯಾಕಪ್ ಇರ್ಲಿಲ್ವಾ ಅಂತ ಕೇಳ್ಬೇಡಿ. ಇತ್ತು, ಡಿಸೆಂಬರಿನದ್ದು. ಹೆಂಡತಿ ಬೈದು ಆಗಿದೆ.

ಆದದ್ದು ಹೀಗೆ. ಮೇ ತಿಂಗಳ ಶುರುವಿಗೆ ಒಂದು ಸಂಜೆ ಭಯಂಕರ ಗುಡುಗು ಸಿಡಿಲು. ನಮ್ಮ ಕಡೆ ಗೊತ್ತುಂಟಲ್ಲ, ಮೂಡು ದಿಕ್ಕಿನಲ್ಲಿ ಕಪ್ಪಾದದ್ದೇ ಮನೆಮನೆಯಲ್ಲಿ ಟಿವಿ ವಯರು, ಇಂಟರ್ನೆಟ್ಟಿನ ಡಬ್ಬ, ಫ್ರಿಡ್ಜು, ಎಲ್ಲದರ ಪ್ಲಗ್ ಎಳೆದು ಕೂತುಕೊಳ್ಳುದು. ನಾನೂ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಮಾಡಿ, ಯುಪಿಎಸ್ ಆಫ್ ಮಾಡಿ ಪ್ಲಗ್ ಎಳೆದೆ. ಬೆಳಿಗ್ಗೆ ಎದ್ದು ಹಾಕಿದ್ರೆ ಮೊದ್ಲು ಕಪ್ಪು ಸ್ಕ್ರೀನಿನಲ್ಲಿ ಟೈಮ್ ಸೆಟ್ ಇಲ್ಲ, ಎಫ್1 ಒತ್ತಿ ಅಂತ ಎಂತದೋ ಬಂತು, ಒತ್ತಿದೆ, ಕಂಪೆನಿ ಲೋಗೋ ಬಂತು, ಕೆಳಗೆ ಚುಕ್ಕಿಗಳು ಎರಡು ಸುತ್ತು ತಿರುಗಿದವು, ಮತ್ತೆ ನೀಲಿ ಸ್ಕ್ರೀನು. ಬೇಜಾರಿನ ಮುಖದ ಚಿಹ್ನೆ, ಅದರ ಅಡಿಯಲ್ಲಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್, ಅಂದ್ರೆ ವಿಂಡೋಸ್ ಇರುವ ಡಿಸ್ಕು ಕೈಗೆ ಸಿಗುದಿಲ್ಲ ಅಂತ. ತನ್ನಷ್ಟಕ್ಕೆ ರೀಸ್ಟಾರ್ಟ್, ಪುನಃ ಅದೇ. ಮೂರನೇ ಸಲಕ್ಕೆ ಪ್ರಿಪೇರಿಂಗ್ ಆಟೋಮ್ಯಾಟಿಕ್ ರಿಪೇರ್ ಅಂತ ಬಂತು, ಸುಮಾರು ಹೊತ್ತು ಸುತ್ತಿ, ಸ್ಟಾರ್ಟಪ್ ರಿಪೇರಿಗೆ ಆಗ್ಲಿಲ್ಲ ಅಂತ ಕೈ ಚೆಲ್ಲಿತು. ಆವತ್ತು ಮಧ್ಯಾಹ್ನ ಒಂದು ನೇಮದ ಕಾಗದದ ಪ್ರೂಫ್ ಕೊಡ್ಲಿಕ್ಕಿತ್ತು, ಮಂಡೆ ಬಿಸಿ ಅಂದ್ರೆ ಎಂತ ಅಂತ ನಂಗೆ ಆವತ್ತು ಗೊತ್ತಾಯ್ತು.

ಅಕ್ಕನ ಮಗ ಇಂಜಿನಿಯರಿಂಗ್ ಕಲಿಯುದು, ಅವನು ಬಂದ. "ಮಾವ ನೀವು ಸುಮ್ನೆ ಕೂತ್ಕೊಳ್ಳಿ" ಅಂತ ಹೇಳಿ ಮೊಬೈಲಿನಲ್ಲಿ ಯೂಟ್ಯೂಬ್ ಹಾಕಿ, ಕಮಾಂಡ್ ಪ್ರಾಂಪ್ಟಿಗೆ (ಆಜ್ಞೆ ಟೈಪ್ ಮಾಡುವ ಕಪ್ಪು ಸ್ಕ್ರೀನು) ಹೋಗಿ ಬೂಟ್ ಸರಿ ಮಾಡ್ಲಿಕ್ಕೆ ಬೂಟ್‌ರೆಕ್ ಫಿಕ್ಸ್‌ಎಂಬಿಆರ್ ಅಂತ ಟೈಪ್ ಮಾಡಿದ, ಅದು ಸಕ್ಸಸ್ ಅಂತು, ಫಿಕ್ಸ್‌ಬೂಟ್ ಮಾಡಿದ, ಅದು ಆಕ್ಸೆಸ್ ಡಿನೈಡ್ ಅಂತು, ಸೇಫ್ ಮೋಡಿಗೆ ನೋಡಿದ, ಅಲ್ಲೂ ನೀಲಿ. ಒಂದು ಒಳ್ಳೆ ಕೆಲಸ ಮಾಡಿದ, ಡಿಸ್ಕಿನಲ್ಲಿದ್ದದ್ದರ ಪಟ್ಟಿ ತೋರಿಸುವ ಡಿಐಆರ್ ಅಂತ ಕೊಟ್ಟು ನೋಡಿದ, ನನ್ನ ಫೋಲ್ಡರುಗಳ ಹೆಸರು ಎಲ್ಲ ಕಂಡವು. ಅದು ದೊಡ್ಡ ಸುಳಿವು ಅಂತ ಆಗ ಇಬ್ಬರಿಗೂ ಮಂಡೆಗೆ ಹೋಗ್ಲಿಲ್ಲ. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕುವ ರೀಸೆಟ್ ದಿಸ್ ಪಿಸಿ ಒತ್ತುವಾ ಅಂದ. ನನ್ನ ಹೆಂಡತಿ ಅಡುಗೆ ಮನೆಯಿಂದ "ಅದೊಂದು ಒತ್ಲಿಕ್ಕಿಲ್ಲ" ಅಂತ ಬೊಬ್ಬೆ ಹೊಡೆದದ್ದಕ್ಕೆ ಬಚಾವ್.

ಆಮೇಲೆ ಪೇಟೆಯ ಒಂದು ದೊಡ್ಡ ಎಸಿ ಅಂಗಡಿಗೆ ತೆಗೊಂಡು ಹೋದೆ, ಹೆಸರು ಬೇಡ. ಟೋಕನ್ ಕೊಟ್ರು, ಒಳಗೆ ಕೊಂಡುಹೋದ್ರು, ಹತ್ತು ನಿಮಿಷಕ್ಕೆ ಹುಡುಗ ಹೊರಗೆ ಬಂದು "ಎಸ್‌ಎಸ್‌ಡಿ ಹೋಗಿದೆ ಸರ್, ಹೊಸದು ಹಾಕಿ ಫ್ರೆಶ್ ವಿಂಡೋಸ್ ಹಾಕ್ಬೇಕು, 5,800 ಆಗ್ತದೆ". ಎಸ್‌ಎಸ್‌ಡಿ ಅಂದ್ರೆ ಹಾರ್ಡ್‌ಡಿಸ್ಕಿನ ಬದಲು ಹಾಕುವ ಹೊಸ ನಮೂನೆಯ ಡಿಸ್ಕು. ಕಮಾಂಡ್ ಪ್ರಾಂಪ್ಟಿನಲ್ಲಿ ಫೈಲ್ ಕಾಣ್ತದಲ್ಲ ಅಂತ ಹೇಳಿದೆ, ಅವನು ಅದನ್ನು ಕೇಳಿಸಿಕೊಂಡ ಹಾಗೆ ಮಾಡ್ಲಿಲ್ಲ. ನಾನು ಸಿಪಿಯು ವಾಪಸ್ ಹೊತ್ತುಕೊಂಡು ಬಂದೆ, ನೋಡಿದ್ದಕ್ಕೆ 250 ಕೊಟ್ಟು.

ಈಗ ಕುಂಜಿಬೆಟ್ಟಿನ ವಿಷಯ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆ, ಹಳೇ ಬಿಲ್ಡಿಂಗು, ಮಾಳಿಗೆಯಲ್ಲಿ ಒಂದೇ ಒಂದು ಕೋಣೆ. ಬೋರ್ಡ್ ಬಿಸಿಲಿಗೆ ಬಣ್ಣ ಹೋಗಿ ಕಂಪ್ಯೂಟರ್ ಸರ್ವಿಸ್ ಅಂತ ಮಾತ್ರ ಓದ್ಲಿಕ್ಕೆ ಆಗುದು. ಪ್ರೆಸ್ಸಿನವ್ರು ಹೇಳಿ ಕಳಿಸಿದ್ದು. ಒಬ್ರೇ ಇರುದು, ಐವತ್ತರ ಮೇಲೆ ಪ್ರಾಯ, ಹಣೆಗೆ ಹೆಡ್‌ಲೈಟ್ ಕಟ್ಟಿಕೊಂಡು. ಮೇಜಿನ ತುಂಬ ಬಿಚ್ಚಿದ ಲ್ಯಾಪ್‌ಟಾಪು, ಒಂದು ಬದಿಯಲ್ಲಿ ತೂತು ಬಿದ್ದ ಸ್ಟೀಲ್ ಸೌಟು, ಅದು ಎಂತಕ್ಕೆ ಅಂತ ಇನ್ನೂ ಗೊತ್ತಾಗ್ಲಿಲ್ಲ.

ನಾನು ಸಿಪಿಯು ಕೆಳಗಿಟ್ಟು ಉಸಿರು ಬಿಡ್ಲಿಕ್ಕಿಲ್ಲ, "ಎಲ್ಲಿಯವರೆಗೆ ಬರ್ತದೆ?" ಅಂತ ಕೇಳಿದ್ರು. ನಂಗೆ ಅರ್ಥ ಆಗ್ಲಿಲ್ಲ, ಕಟಪಾಡಿಯಿಂದ ಬಂದದ್ದು ಅಂತ ಹೇಳಿದೆ. ಅವ್ರು ನಗಾಡಿ, "ನೀವಲ್ಲ ಮಾರಾಯ್ರೆ, ಕಂಪ್ಯೂಟರು. ಮಂಗಳೂರಿನಿಂದ ಕುಂದಾಪುರಕ್ಕೆ ಹೊರಟ ಬಸ್ಸು ಸಂತೆಕಟ್ಟೆಯಲ್ಲಿ ಹಾಳಾದ್ರೆ ಹಿಂದೆ ದಾಟಿ ಬಂದ ಮುಲ್ಕಿಯಲ್ಲಿ ಹುಡುಕಿದ್ರೆ ಸಿಗ್ತದಾ?" ಅಂದ್ರು. ಮತ್ತೆ ಹೇಳಿಕೊಟ್ರು. ಬಟನ್ ಒತ್ತಿದ್ರೆ ಫ್ಯಾನೂ ಇಲ್ಲ ಲೈಟೂ ಇಲ್ಲ ಅಂದ್ರೆ ಮೊದ್ಲು ನೋಡ್ಬೇಕಾದ್ದು ಕರೆಂಟು, ವಯರು, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ). ಫ್ಯಾನ್ ತಿರುಗ್ತದೆ ಸ್ಕ್ರೀನಿನಲ್ಲಿ ಎಂತದೂ ಇಲ್ಲ ಅಂದ್ರೆ ಹೆಚ್ಚಾಗಿ ರ‍್ಯಾಮ್, ಅದೂ ನಮ್ಮ ಊರಿನ ಉಪ್ಪು ಗಾಳಿ ಮಳೆಗಾಲದ ಪಸೆಗೆ ಅದರ ಕಾಲು ಮಂಕಾಗ್ತದೆ, ಶಾಲೆ ಮಕ್ಕಳ ರಬ್ಬರಿನಲ್ಲಿ ಉಜ್ಜಿ ಹಾಕಿದ್ರೆ ಅರ್ಧಕ್ಕರ್ಧ ಸರಿಯಾಗ್ತವೆ. ಲೋಗೋ ಬಂದು ಬೂಟ್ ಡಿವೈಸೇ ಸಿಗುದಿಲ್ಲ ಅಂದ್ರೆ ಡಿಸ್ಕಿನ ವಯರು, ಡಿಸ್ಕು, ಇಲ್ಲಾಂದ್ರೆ ಯಾರೋ ಮರೆತುಬಿಟ್ಟ ಪೆನ್‌ಡ್ರೈವು. ನಂದು ಇದೆಲ್ಲ ದಾಟಿ ವಿಂಡೋಸಿನ ಚುಕ್ಕಿ ತಿರುಗಿ ಆಮೇಲೆ ನೀಲಿ ಆಗುದು, ಅಂದ್ರೆ ಡಿಸ್ಕಿನಿಂದ ವಿಂಡೋಸ್ ಓದ್ಲಿಕ್ಕೆ ಶುರು ಆಗಿದೆ, ಪೂರ್ತಿ ಸತ್ತ ಡಿಸ್ಕಿನಿಂದ ಅಷ್ಟು ದೂರ ಬರ್ಲಿಕ್ಕೇ ಇಲ್ಲ.

ಎರಡನೇ ಪ್ರಶ್ನೆ, "ಹಿಂದಿನ ದಿನ ಪ್ಲಗ್ ಎಳೆದಿದ್ರಾ?" ನಾನು ಹೌದು ಅಂದೆ. "ಅದಕ್ಕಿಂತ ಮುಂಚೆ ಟೈಮು ತಪ್ಪುತ್ತಿತ್ತಾ?" ಆಗ ನೆನಪಾಯ್ತು ನೋಡಿ. ಒಂದೂವರೆ ತಿಂಗಳಿನಿಂದ ಆಗಾಗ ಗಡಿಯಾರ ಹಿಂದೆ ಹೋಗುದು, ಕ್ರೋಮಿನಲ್ಲಿ ಸೈಟ್ ತೆರೆಯದೆ ನಿಮ್ಮ ಗಡಿಯಾರ ಸರಿ ಇಲ್ಲ ಅಂತ ಬರುದು, ನಾನು ಪ್ರತಿ ಸಲ ಕೈಯಲ್ಲಿ ಸರಿ ಮಾಡಿ ಸುಮ್ಮನಾಗುದು. ಯುಪಿಎಸ್‌ನ ಉಪದ್ರ ಅಂತ ಮಾಡಿದ್ದೆ.

ಅವ್ರು ಪಕ್ಕದ ಮುಚ್ಚಳ ತೆಗೆದು ಮದರ್‌ಬೋರ್ಡಿನಿಂದ ಒಂದು ರೂಪಾಯಿ ನಾಣ್ಯದ ಹಾಗಿನ ಸೆಲ್ ಎಬ್ಬಿಸಿ ತೆಗೆದ್ರು. ಸಿಆರ್2032, ಕಾರಿನ ರಿಮೋಟಿಗೆಲ್ಲ ಹಾಕ್ತಾರಲ್ಲ ಅದು. ಮೀಟರಿನ ಎರಡು ಕಡ್ಡಿ ಇಟ್ಟು ನಂಗೇ ತೋರಿಸಿದ್ರು, 1.1 ವೋಲ್ಟು. ಹೊಸ ಪ್ಯಾಕೆಟ್ ಹರಿದು ಅದಕ್ಕೂ ಇಟ್ರು, 3.2. ಅಷ್ಟೇ ಸಾಕು ಅಂತ ಮಾಡಿದ್ದೆ, ಆದ್ರೆ ಹೊಸ ಸೆಲ್ ಹಾಕಿ ಆನ್ ಮಾಡಿದ್ರೆ ಪುನಃ ಅದೇ ನೀಲಿ! ನನ್ನ ಮುಖ ನೋಡಿ, "ಸೆಲ್ ಹಾಕಿದ ಕೂಡ್ಲೇ ಮರೆತದ್ದು ನೆನಪಾಗ್ತದಾ, ನಾವು ಹೇಳ್ಬೇಕು" ಅಂದ್ರು.

ಇಲ್ಲಿ ಸ್ವಲ್ಪ ವಿವರ ಹೇಳ್ತೇನೆ, ಯಾಕಂದ್ರೆ ನನ್ನ ಹಾಗೆ ಇನ್ನೊಬ್ರು 5,800 ಕೊಡ್ಬಾರ್ದು. ಬಯೋಸ್ ಅಂತ ಒಂದು ಉಂಟು, ವಿಂಡೋಸಿಗಿಂತ ಮೊದ್ಲು ಓಡುವ ಬೋರ್ಡಿನದ್ದೇ ಪ್ರೋಗ್ರಾಮು, ಡಿಸ್ಕಿನ ಹತ್ರ ಯಾವ ರೀತಿ ಮಾತಾಡ್ಬೇಕು ಅನ್ನುದು ಅದ್ರಲ್ಲಿ ಸೆಟ್ ಆಗಿರ್ತದೆ, ಪ್ಲಗ್ ಇಲ್ಲದಾಗ ಅದನ್ನೂ ಟೈಮನ್ನೂ ನೆನಪಲ್ಲಿ ಇಡುದು ಈ ಸೆಲ್. ನನ್ನ ಈ ಬ್ರಾಂಡೆಡ್ ಹಳೇ ಡೆಸ್ಕ್‌ಟಾಪು ಫ್ಯಾಕ್ಟರಿಯಿಂದ ಬರುವಾಗ ರೇಡ್ ಅನ್ನುವ, ಹಲವು ಡಿಸ್ಕ್ ಒಟ್ಟು ಸೇರಿಸ್ಲಿಕ್ಕೆ ಇರುವ ಸೆಟ್ಟಿಂಗಿನಲ್ಲಿ ಬಂದದ್ದು, ಡಿಸ್ಕ್ ಒಂದೇ ಇದ್ರೂ. ಮೂರು ವರ್ಷದ ಹಿಂದೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವಾಗ ಯಾರೋ ಅದನ್ನು ಎಎಚ್‌ಸಿಐ ಅನ್ನುವ ಮಾಮೂಲಿ ರೀತಿಗೆ ಬದಲಿಸಿ ವಿಂಡೋಸ್ ಹಾಕಿದ್ರು, ಅದೇನೂ ತಪ್ಪಲ್ಲ. ಸೆಲ್ ಸತ್ತಿದ್ರೂ ಪ್ಲಗ್ ಇರುವಷ್ಟು ದಿನ ಗೋಡೆಯ ಕರೆಂಟಿನಲ್ಲೇ ಬೋರ್ಡಿಗೆ ಜೀವ ಇರ್ತದೆ, ಕಂಪ್ಯೂಟರ್ ಆಫ್ ಇದ್ರೂ. ಸಿಡಿಲಿಗೆ ಹೆದರಿ ಪ್ಲಗ್ ಎಳೆದದ್ದೇ ಅದಕ್ಕೆ ಎಲ್ಲ ಮರೆತುಹೋಗಿ ಫ್ಯಾಕ್ಟರಿ ಸೆಟ್ಟಿಂಗಿಗೆ ಬಂತು, ರೇಡ್. ವಿಂಡೋಸ್ ಎಎಚ್‌ಸಿಐ ಡ್ರೈವರ್ ಹಿಡ್ಕೊಂಡು ಬಾಗಿಲು ಬಡಿಯುದು, ಒಳಗೆ ಬೀಗ ಬೇರೆ. ಅದಕ್ಕೇ ಇನ್‌ಆಕ್ಸೆಸಿಬಲ್. ಎಲ್ಲ ಬೋರ್ಡಿನಲ್ಲೂ ಹೀಗೆ ಆಗ್ಲಿಕ್ಕಿಲ್ಲ, ಕೆಲವದ್ರಲ್ಲಿ ಟೈಮ್ ಮಾತ್ರ ಹೋಗುದು, ಉಳಿದದ್ದು ಬೇರೆ ಚಿಪ್ಪಿನಲ್ಲಿ ಉಳೀತದೆ ಅಂತೆ.

ಎಫ್2 ಒತ್ತಿ ಒಳಗೆ ಹೋದ್ರು, ತಾರೀಕು ನೋಡಿದ್ರೆ 2016ನೇ ಇಸವಿ ಜನವರಿ 1. ಸಾಟಾ ಆಪರೇಶನ್ ಅಂತ ಒಂದು ಜಾಗ, ಅಲ್ಲಿ ರೇಡ್ ಆನ್ ಅಂತ ಇತ್ತು. ಎಎಚ್‌ಸಿಐಗೆ ಬದಲಿಸುವ ಮುಂಚೆ ನಿಂತು ಕೇಳಿದ್ರು, ವಿಂಡೋಸ್ 10ಆ 11ಆ, ಬಿಟ್‌ಲಾಕರ್ (ವಿಂಡೋಸಿನಲ್ಲಿ ಡಿಸ್ಕಿಗೆ ಹಾಕುವ ಬೀಗ) ಹಾಕಿದ್ದೀರಾ ಅಂತ. ಹೊಸ ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ನಮ್ಗೆ ಗೊತ್ತಿಲ್ಲದೆ ಡಿಸ್ಕ್ ಲಾಕ್ ಆಗಿರ್ತದೆ, ಬಯೋಸಿನಲ್ಲಿ ಕೈ ಹಾಕಿದ್ರೆ 48 ಅಂಕೆಯ ರಿಕವರಿ ಕೀ ಕೇಳ್ತದೆ, ಅದು ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರ್ತದೆ, ಅಕೌಂಟಿನ ಪಾಸ್‌ವರ್ಡೂ ಮರೆತಿದ್ರೆ ದೇವ್ರೇ ಗತಿ. ನಂದು ವಿಂಡೋಸ್ 10, ಲಾಕ್ ಇರ್ಲಿಲ್ಲ. ಮನೆಗೆ ಬಂದು ಮಗಳ ಲ್ಯಾಪ್‌ಟಾಪಿನ ಕೀ ಹುಡುಕಿ ಬರೆದಿಟ್ಟದ್ದೇ ಮೊದಲ ಕೆಲಸ.

ಬದಲಿಸಿ, ಸೇವ್ ಮಾಡಿ, ಹೊರಗೆ ಬಂದ್ರು. ಲೋಗೋ. ಚುಕ್ಕಿ. ನಾನು ಉಸಿರು ಹಿಡ್ಕೊಂಡಿದ್ದೆ. ನನ್ನ ಡೆಸ್ಕ್‌ಟಾಪು ಬಂತು, ಅರ್ಧ ಮಾಡಿಟ್ಟ ನೇಮದ ಕಾಗದ ಇದ್ದ ಜಾಗದಲ್ಲೇ ಉಂಟು, ತೆರೆದು ನೋಡಿದ್ರೆ ಒಂದು ಅಕ್ಷರ ಆಚೀಚೆ ಆಗ್ಲಿಲ್ಲ, ಅರ್ಕಾವತ್ತು ಕೂಡ ಸರಿ ಇತ್ತು. ನಂಗೆ ಕುಣಿಯುವ ಅಂತ ಆಯ್ತು. ಅವ್ರು ಮಾತ್ರ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಡಿಸ್ಕಿನ ಆರೋಗ್ಯ ನೋಡುವ ಸಣ್ಣ ಪ್ರೋಗ್ರಾಮ್ ಓಡಿಸಿ, ಹೋಗಿದೆ ಅಂತ ಹೇಳಿದ ಎಸ್‌ಎಸ್‌ಡಿ ಇನ್ನೂ ಗುಡ್ 94 ಪರ್ಸೆಂಟ್ ಅಂತ ತೋರಿಸಿದ್ರು. ಹಿಂದಿನ ಅಂಗಡಿಯ ಬಗ್ಗೆ ಒಂದು ಮಾತು ಆಡ್ಲಿಲ್ಲ, ನಾನು ಎರಡು ಸಲ ಎಳೆದು ನೋಡಿದೆ.

ಹೊಸ ಕಂಪ್ಯೂಟರ್ ತೆಗೊಳ್ಳಿ ಅಂತಾನೂ ಹೇಳ್ಲಿಲ್ಲ. ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನನ್ನ ಪ್ರೊಸೆಸರ್ ಆರನೇ ಜನರೇಶನಿನದ್ದು, ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಬ್ಯಾಂಕಿನ ಕೆಲಸ ಇದ್ರಲ್ಲಿ ಮಾಡ್ಬೇಡಿ, ಪೇಜ್‌ಮೇಕರಿಗೆ ಇದೇ ಧಾರಾಳ ಸಾಕು, ಮಳೆ ಹಿಡಿಯುವ ಮೊದಲು ಒಂದು ಹಾರ್ಡ್‌ಡಿಸ್ಕಿಗೆ ಎಲ್ಲ ಕಾಪಿ ಮಾಡಿ. ಇಷ್ಟೇ. ಕೊನೆಗೆ ಬಿಳಿ ಟೇಪಿನ ತುಂಡಿನಲ್ಲಿ ಸೆಲ್ ಹಾಕಿದ ತಾರೀಕು ಮತ್ತೆ ಎಎಚ್‌ಸಿಐ ಅಂತ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿದ್ರು, ಮುಂದೆ ಬಿಚ್ಚಿದವನಿಗೆ ಗೊತ್ತಾಗ್ಲಿ ಅಂತ. ಅದು ನೋಡಿ ನಂಗೆ ಒಳ್ಳೇ ಖುಷಿ ಆಯ್ತು.

ಒಂದು ಸ್ಟಾರ್ ಕಡಿಮೆ ಕೊಟ್ಟದ್ದಕ್ಕೆ ಕಾರಣ ಉಂಟು. ಫೋನ್ ತೆಗೆಯುದೇ ಇಲ್ಲ, ನಾನು ನಾಲ್ಕು ಸಲ ಮಾಡಿ ಕೊನೆಗೆ ಸೀದಾ ಹೋದದ್ದು. ಬಿಲ್ಲು ಕೇಳಿದ್ರೆ ಮಾತ್ರ ಕೊಡುದು, ಅದೂ ಚೀಟಿಯಲ್ಲಿ. ಇವತ್ತು ಕೊಟ್ಟು ಇವತ್ತೇ ಆಯ್ತು ಅಂತ ನಂದು ನೋಡಿ ನೀವು ಅಂದಾಜು ಮಾಡ್ಬೇಡಿ, ನನ್ನ ಎದುರಿಗೇ ಒಬ್ರು ವಾರದ ಹಿಂದೆ ಕೊಟ್ಟ ಪ್ರಿಂಟರ್ ಕೇಳ್ಲಿಕ್ಕೆ ಬಂದು ನಾಳೆ ಅನ್ನಿಸ್ಕೊಂಡು ಹೋದ್ರು. ಮತ್ತೆ ಮಾತು ಜಾಸ್ತಿ, ನಂಗೆ ಇಷ್ಟ ಆಯ್ತು, ಅರ್ಜೆಂಟ್ ಇರುವವ್ರಿಗೆ ಆಗ್ಲಿಕ್ಕಿಲ್ಲ.

ಹೋಗುದಾದ್ರೆ ಮಧ್ಯಾಹ್ನ 1ರಿಂದ 3ರವರೆಗೆ ಊಟಕ್ಕೆ ಬಂದ್, ಆದಿತ್ಯವಾರ ಇಲ್ಲ. ಮಾನಿಟರ್ ಕೀಬೋರ್ಡ್ ಎಲ್ಲ ಹೊತ್ತುಕೊಂಡು ಹೋಗ್ಬೇಡಿ, ಸಿಪಿಯು ಒಂದೇ ಸಾಕು. ಕಾರು ನಿಲ್ಲಿಸ್ಲಿಕ್ಕೆ ಜಾಗ ಇಲ್ಲ, ಸ್ಕೂಟರಿನಲ್ಲಿ ಹೋಗಿ, ಮೆಟ್ಟಿಲು ಹತ್ತುವಾಗ ಕೊನೆಯದ್ದು ಉಳಿದದ್ದಕ್ಕಿಂತ ಎತ್ತರ ಉಂಟು, ನಾನು ಎಡವಿ ಸಿಪಿಯುವಿನ ಮೂಲೆ ಜಜ್ಜಿದ್ದೇನೆ.